ಹಿತ್ತಲ ಬಂಡೆಯಲ್ಲಿ ಬಾದಾಮಿ

ಬರೆಯಲು ಬಂದದ್ದೆಲ್ಲ ಮಾಡಲೂ ಬರುತ್ತದೆ ಎಂದು ತಿಳಿಯುವುದು ಡ್ರಾಯಿಂಗ್ ಮಾಸ್ತರರಿಗೆ ಅಂಟಿದ ರೋಗ. ಗಣಿತದ ಮಾಸ್ತರರಿಗೆ ಈ ರೋಗವಿಲ್ಲ. ನೂರು ಆಳು ಹತ್ತು ದಿನದಲ್ಲಿ ಕಟ್ಟುವ ಗೋಡೆಯನ್ನು ಅವರು ಹಲಗೆಯ ಮೇಲೆ ಕಟ್ಟಿಸಿ, ಕೈಗೆ ಹತ್ತಿದ ಸುಣ್ಣದ ಪುಡಿ ಝಾಡಿಸಿಕೊಂಡು ಮನೆಗೆ ಹೋಗುತ್ತಾರೆ. ತಾವೇ ಕರಣೆ ಹಿಡಿಯಲು ಹೊರಡುವುದಿಲ್ಲ. ನಾನು ಹಾಗಲ್ಲ. ಕಾಗದದ ಮೇಲೆ ಕುರ್ಚಿ ಬರೆದರೆ ಅದರ ಮೇಲೆ ಕೂಡಬೇಕೆನಿಸುತ್ತದೆ. ಹುಕ್ಕೇರಿಯ ಶಾಲೆಯಲ್ಲಿದ್ದಾಗ, ಮನೆಯೊಳಗೆ ಹೊಗೆ ಸುಳಿಯದಂಥ ಒಲೆಯೊಂದರ ನಕ್ಷೆ ಬರೆದು, ನಾನೇ ಮಣ್ಣು ಕಲಸಿ ಕಟ್ಟಿದೆ. ಹೊಗೆ ನಮ್ಮ ಮನೆಯೊಳಗೆ ಸುಳಿಯಲಿಲ್ಲ, ಆ ಮಾತು ನಿಜ. ಗೋಡೆಯ ಸಂದಿಯಿಂದ ನೆಟ್ಟಗೆ ಬಾಜೂ ಮನೆಯ ದೇವರ ಕೋಣೆಗೆ ಹೋಯಿತು. ಆ ಮನೆಯ ಅಜ್ಜಿ ಮೂರು ದಿನ ಕೆಮ್ಮಿ, ನಾಲ್ಕನೆಯ ದಿನ ನನ್ನನ್ನು ಹುಡುಕಿಕೊಂಡು ಶಾಲೆಗೇ ಬಂದರು. ನಕ್ಷೆಯಲ್ಲಿ ತಪ್ಪಿರಲಿಲ್ಲ ಎಂದು ನಾನು ಇವತ್ತಿಗೂ ಹೇಳುತ್ತೇನೆ. ತಪ್ಪಿದ್ದದ್ದು ಗೋಡೆಯಲ್ಲಿ.

ಈಗ ಹೇಳಹೊರಟಿರುವುದು ಅದಕ್ಕಿಂತ ದೊಡ್ಡ ಸಂಗತಿ. ಹುಕ್ಕೇರಿಯಿಂದ ಗೋಕಾಕಕ್ಕೆ ವರ್ಗವಾಗಿ ಬಂದವನು ಗುಡ್ಡದ ಬುಡದಲ್ಲಿ ಒಂದು ಸಣ್ಣ ಮನೆ ಕೊಂಡೆ. ಮನೆಗೊಂದು ಹಿತ್ತಲು, ಹಿತ್ತಲಿಗೊಂದು ಬಂಡೆ. ಬಂಡೆಯೆಂದರೆ ಬಟ್ಟೆ ಒಗೆಯುವ ಕಲ್ಲಲ್ಲ. ಹತ್ತು ಮೊಳ ಅಗಲ, ಆಳೆತ್ತರಕ್ಕಿಂತ ಒಂದು ಮೊಳ ಹೆಚ್ಚು. ಗುಡ್ಡವೇ ಒಂದು ಕಾಲು ಚಾಚಿ ನಮ್ಮ ಹಿತ್ತಲಲ್ಲಿ ಇಟ್ಟುಕೊಂಡಂತಿತ್ತು. ಅದರ ನೆರಳಲ್ಲಿ ಕೂತು ನನ್ನ ಹೆಂಡತಿ ನೀಲವ್ವ ಪಾತ್ರೆ ತಿಕ್ಕುತ್ತಿದ್ದಳು. ಆಕೆ ಕೌಜಲಗಿಯ ಒಕ್ಕಲುತನದ ಮನೆಯ ಮಗಳು. ಕೊರಳಲ್ಲಿ ಲಿಂಗವಿಲ್ಲದ ಮನುಷ್ಯನನ್ನಾದರೂ ಒಪ್ಪಿಯಾಳು, ಮನೆಯಲ್ಲಿ ಎಮ್ಮೆಯಿಲ್ಲದ ಸಂಸಾರವನ್ನು ಆಕೆ ಸಂಸಾರವೆಂದು ಒಪ್ಪಿರಲಿಲ್ಲ. ನಮ್ಮ ಮಾವನವರು ಒಂದು ಒಳ್ಳೆಯ ಎಮ್ಮೆ ಕೊಡುವುದಾಗಿ ಹೇಳಿದ್ದರು. ಅವರದು ಒಂದೇ ಷರತ್ತು: "ಮೊದಲ ಕಟ್ಟಾಕ ಜಾಗಾ ಮಾಡ್ರಿ ಅಳಿಯಂದ್ರ. ಎಮ್ಮಿ ಹೊಡಕೊಂಡು ನಾನ ಬರ್ತೇನಿ."

ಜಾಗವೆಂದರೆ ಹಿತ್ತಲು; ಹಿತ್ತಲೆಂದರೆ ಬಂಡೆ. ನೀಲವ್ವ ಹನಮಪ್ಪನಿಗೆ ಹೇಳಿಕಳಿಸಿದಳು. ಊರಿನ ಅರ್ಧ ಮನೆಗಳ ಬೀಸುಕಲ್ಲು, ಒರಳುಕಲ್ಲು ಹನಮಪ್ಪನ ಕೈಯವು. ಅರವತ್ತು ದಾಟಿದ ಆಸಾಮಿ. ಹುಬ್ಬಿನ ಕೂದಲಲ್ಲಿ ಕಲ್ಲಿನ ಪುಡಿ ಕೂತು ಅದು ಯಾವ ವಯಸ್ಸಿಗೆ ಬೆಳ್ಳಗಾಯಿತೆಂದು ಹೇಳಲು ಬರುತ್ತಿರಲಿಲ್ಲ. ಅವನು ಬಂದು ಬಂಡೆಯನ್ನು ಒಂದು ಸುತ್ತು ಹಾಕಿದ. ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ, ಕಿವಿ ಹಚ್ಚಿ ಕೇಳಿದ. ವೈದ್ಯರು ಎದೆ ನೋಡಿದ ಹಾಗೆ.

"ಇದರಾಗ ಒಂದು ಎಳಿ ಐತ್ರಿ ಅವ್ವಾರ," ಎಂದ. ಎಳೆಯೆಂದರೆ ಕಲ್ಲಿನೊಳಗೆ ಕಣ್ಣಿಗೆ ಕಾಣದಂತೆ ಹಾಯ್ದುಹೋಗುವ ಬಿರುಕಿನ ದಾರಿ. "ಆ ಎಳಿ ಹಿಡದು ಬೆಣಿ ಬಡದರ ಮೂರು ದಿನದ ಕೆಲಸ. ದೀಪಾವಳಿ ಮುಗೀಲಿ, ಬರ್ತೇನಿ."

ದೀಪಾವಳಿ ಮುಗಿಯುವುದರೊಳಗೆ ನಾನು ಬಾದಾಮಿಗೆ ಹೋಗಿ ಬಂದುಬಿಟ್ಟೆ. ಎಲ್ಲ ತಾಪತ್ರಯಕ್ಕೂ ಅದೇ ಮೂಲ. ನಮ್ಮ ಶಾಲೆಯ ನಾಲ್ವರು ಮಾಸ್ತರರು ಕೂಡಿ ಹಬ್ಬದ ಸೂಟಿಯಲ್ಲಿ ಹೊರಟೆವು. ಬಾಗಲಕೋಟೆಯವರೆಗೆ ಮೋಟಾರು, ಮುಂದೆ ರೈಲು, ಸ್ಟೇಶನ್ನಿನಿಂದ ಟಾಂಗಾ. ಉಳಿದ ಮೂವರು ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ ಕೂತರು. ನಾನು ಮೆಟ್ಟಿಲು ಹತ್ತಿ ಮೊದಲನೆಯ ಗುಹೆಯ ಮುಂದೆ ನಿಂತೆ, ನಿಂತವನು ಸಂಜೆಯವರೆಗೆ ಇಳಿಯಲಿಲ್ಲ. ಕೆಂಪು ಬೆಟ್ಟದ ಹೊಟ್ಟೆಯಲ್ಲಿ ಒಂದು ಪಡಸಾಲೆ. ಸಾಲಾಗಿ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಮಾಳಿಗೆ. ಆದರೆ ಕಲ್ಲಿನ ಮೇಲೆ ಕಲ್ಲು ಇಟ್ಟವರು ಯಾರೂ ಇಲ್ಲ! ನಾವು ಮನೆ ಕಟ್ಟುವಾಗ ಇಲ್ಲದ್ದನ್ನು ತಂದು ಕೂಡಿಸುತ್ತೇವೆ. ಆ ಪುಣ್ಯಾತ್ಮರು ಬೇಡವಾದದ್ದನ್ನು ತೆಗೆದು ಹೊರಗೆ ಹಾಕಿದ್ದರು, ಉಳಿದದ್ದು ದೇವಸ್ಥಾನವಾಗಿತ್ತು. ಬಲಗಡೆಯ ಬಂಡೆಯ ಮೇಲೆ ಹದಿನೆಂಟು ಕೈಗಳ ಶಿವ ಕುಣಿಯುತ್ತಿದ್ದ. ಯಾವ ಎರಡು ಕೈಗಳನ್ನು ಜೋಡಿಸಿ ನೋಡಿದರೂ ಅದೊಂದು ಬೇರೆಯೇ ಕುಣಿತ. ನಾನು ನಾಲ್ಕು ತಾಸು ಕೂತು ಅಳತೆ ಹಿಡಿದು ಅದನ್ನೂ ಎಡಗಡೆಯ ದ್ವಾರಪಾಲಕನನ್ನೂ ಬರೆದುಕೊಂಡೆ. ಒಂದು ಮಂಗ ಬಂದು ನನ್ನ ರಬ್ಬರು ತಿಂದಿತು. ಒಳ್ಳೆಯದೇ ಆಯಿತು, ಗೆರೆಗಳಲ್ಲಿ ಅಳಿಸುವಂಥದ್ದು ಏನೂ ಇರಲಿಲ್ಲ.

ಮನೆಗೆ ಬಂದಾಗ ಹನಮಪ್ಪ ಬೆಣೆಗಳ ಚೀಲ ಹೊತ್ತು ಹಿತ್ತಲಲ್ಲಿ ಕಾಯುತ್ತಿದ್ದ. "ಬಂಡೆಗೆ ಕೈ ಹಚ್ಚಬ್ಯಾಡ," ಎಂದೆ. ನೀಲವ್ವ ಒಳಗಿನಿಂದ ಬಂದಳು. ನಾನು ಇಬ್ಬರನ್ನೂ ನಿಲ್ಲಿಸಿಕೊಂಡು ನನ್ನ ಯೋಜನೆ ವಿವರಿಸಿದೆ. ಬಂಡೆಯನ್ನು ಒಡೆದು, ಅದೇ ಕಲ್ಲಿನಿಂದ ಗೋಡೆ ಕಟ್ಟಿ, ಮೇಲೆ ಹಂಚು ಹೊದಿಸುವುದು ಹುಚ್ಚು ಕೆಲಸ. ಬಂಡೆಯನ್ನೇ ಒಳಗೆ ಕೊರೆದರೆ ಗೋಡೆಯೂ ಅದೇ, ಮಾಳಿಗೆಯೂ ಅದೇ. ಮಳೆಗೆ ಸೋರುವುದಿಲ್ಲ, ಬೇಸಿಗೆಗೆ ಕಾಯುವುದಿಲ್ಲ. ಮುಂದೆ ಎರಡು ಕಂಬ, ಕಂಬದ ಬಾಜೂ ಒಬ್ಬ ದ್ವಾರಪಾಲಕ, ಬಲಕ್ಕೆ ಕುಣಿಯುವ ಶಿವ.

"ಎಮ್ಮಿಗೆ ದ್ವಾರಪಾಲಕ ಯಾತಕ್ಕ್ರಿ?" ಎಂದಳು ನೀಲವ್ವ.

"ಶೋಭೆಗೆ."

"ಎಮ್ಮಿ ಶೋಭೆ ಕೇಳೂದಿಲ್ಲ. ಹೊಟ್ಟು ಕೇಳತೈತಿ."

ಹನಮಪ್ಪ ನಗಲಿಲ್ಲ. ಬಂಡೆಯ ಮೈ ಸವರುತ್ತ, "ಗುಡಿ ಕೊರದವರು ಮೊದಲ ಕಲ್ಲು ಆರಿಸಿರ್ತಾರ್ರಿ ಮಾಸ್ತರ. ಇದನ್ನ ನೀವು ಆರಿಸಿಲ್ಲ. ಮನಿ ಕೂಡ ಬಂದೈತಿ," ಎಂದ. ಎಳೆಯ ವಿಷಯ ಮತ್ತೆ ತೆಗೆದ. ನಾನು ಅವನಿಗೆ ತಿಳಿಸಿ ಹೇಳಿದೆ: ಬಾದಾಮಿಯಲ್ಲಿ ಕೆಲಸ ಮೇಲಿನಿಂದ ಕೆಳಗೆ ನಡೆದಿದೆ, ಮೊದಲು ಮಾಳಿಗೆ, ಕಡೆಗೆ ನೆಲ, ಆದ್ದರಿಂದ ಅಟ್ಟಣಿಗೆ ಬೇಕಾಗಿಲ್ಲ, ಬೀಳುವ ಭಯವಿಲ್ಲ. ನಲವತ್ತು ವರ್ಷ ಕಲ್ಲು ಬಡಿದವನಿಗೆ ನಾಲ್ಕು ತಾಸು ಕಲ್ಲು ನೋಡಿ ಬಂದವನು ಪಾಠ ಹೇಳುತ್ತಿದ್ದೇನೆಂಬ ಸಂಕೋಚ ನನಗೆ ಆಗಲಿಲ್ಲ. ಮಾಸ್ತರಿಕೆಯ ದೊಡ್ಡ ಲಾಭವೇ ಅದು. ಹನಮಪ್ಪ ತನ್ನ ಚೀಲದಿಂದ ಎರಡು ಚಾಣ ತೆಗೆದು ನನ್ನ ಕೈಗೆ ಕೊಟ್ಟು, "ಮೊಂಡಾದ್ರ ಹೇಳಿಕಳಸ್ರಿ, ಮಸದು ಕೊಡ್ತೇನಿ," ಎಂದು ಹೋದ.

ಚಾಣವೆಂದರೆ ಕಲ್ಲು ಕೊರೆಯುವ ಉಳಿ. ಅದನ್ನು ಹಿಡಿದ ಮೊದಲ ಭಾನುವಾರ ಬಂಡೆಗಿಂತ ನನ್ನ ಹೆಬ್ಬೆರಳಿಗೇ ಹೆಚ್ಚು ಪೆಟ್ಟು ಬಿದ್ದವು. ಎರಡನೆಯ ಭಾನುವಾರ ಹೆಬ್ಬೆರಳು ಇರುವ ಜಾಗ ಸುತ್ತಿಗೆಗೆ ಗೊತ್ತಾಯಿತು. ಕಾರ್ತಿಕ ಮುಗಿಯುವ ಹೊತ್ತಿಗೆ ಬಂಡೆಯಲ್ಲಿ ಒಂದು ಚರಿಗೆ ಇಡುವಷ್ಟು ಗೂಡಾಯಿತು. ನೀಲವ್ವ ಅದರಲ್ಲಿ ಕುಡಿಯುವ ನೀರಿನ ಚರಿಗೆ ಇಟ್ಟಳು. "ನೀರು ಭಾಳ ತಣ್ಣಗ ಆಗ್ತಾವ್ರಿ, ಇಷ್ಟಕ್ಕ ಸಾಕು," ಎಂದು ಆಸೆಯಿಂದ ನನ್ನ ಮುಖ ನೋಡಿದಳು. ನಾನು ಚರಿಗೆ ತೆಗೆದಿಟ್ಟು ಕೊರೆತ ಮುಂದುವರಿಸಿದೆ. ಶಾಲೆಯಲ್ಲಿ ಸುದ್ದಿ ಹಬ್ಬಿತು. ಮೂಡಲಗಿಯಿಂದ ಬರುತ್ತಿದ್ದ ವ್ಯಾಕರಣದ ಮಾಸ್ತರರು, "ಗುಹೆ ಎಲ್ಲಿಗೆ ಬಂತ್ರಿ?" ಎಂದು ದಿನಾ ಕೇಳುವರು. "ನಡೆದಿದೆ," ಎನ್ನುವೆ. "ಎಂದಿಗೆ ಮುಗೀತೈತಿ?" ಎನ್ನುವರು. ಇಂಥ ಕೆಲಸಗಳು ಒಬ್ಬರ ಆಯುಷ್ಯದಲ್ಲಿ ಮುಗಿಯುವುದಿಲ್ಲವೆಂದೂ, ರಾಜರುಗಳೇ ಅರ್ಧಕ್ಕೆ ಬಿಟ್ಟು ಮಕ್ಕಳಿಗೆ ಒಪ್ಪಿಸಿ ಹೋಗಿದ್ದಾರೆಂದೂ ನಾನು ಹೇಳುವೆ. ಅವರು ತಲೆಯಾಡಿಸಿ, "ಹಂಗಾದ್ರ ಎಮ್ಮಿಗೂ ಹೇಳಿಬಿಡ್ರಿ," ಎಂದು ಹೋಗುವರು.

ಎಮ್ಮೆಗೆ ಯಾರೂ ಹೇಳಲಿಲ್ಲ. ಸಂಕ್ರಾಂತಿಯ ಮರುದಿನ ಮಾವನವರು ಕೌಜಲಗಿಯಿಂದ ಎಮ್ಮೆ ಹೊಡೆದುಕೊಂಡು ಬಂದೇಬಿಟ್ಟರು. ನೇರ ಹಿತ್ತಲಿಗೆ ಹೋಗಿ, ಮೂರು ತಿಂಗಳ ನನ್ನ ಶ್ರಮವನ್ನು ನೋಡಿ, ಎಮ್ಮೆಯ ಮುಖವನ್ನೂ ನೋಡಿ, "ಅಳಿಯಂದ್ರ, ಇದರಾಗ ಇದರ ತಲೀ ಅಷ್ಟ ಹಿಡೀತೈತಿ. ಉಳದ ಎಮ್ಮಿ ಎಲ್ಲಿ ಕಟ್ಟೂದ್ರಿ?" ಎಂದು ಕೇಳಿದರು. ಹಿರಿಯರು, ಅವರ ಮಾತಿನಲ್ಲಿ ಕುಚೋದ್ಯವಿರಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು. ಉತ್ತರವನ್ನು ನೀಲವ್ವ ಕೊಟ್ಟಳು. ನಾನು ನಕ್ಷೆ ಬರೆಯಲು ಇಟ್ಟುಕೊಂಡಿದ್ದ ಪಡಸಾಲೆಯ ಮೂಲೆಯನ್ನು ತೆರವು ಮಾಡಿ, ಗೂಟ ಹೊಡೆದು, ಎಮ್ಮೆಯನ್ನು ಅಲ್ಲಿ ಕಟ್ಟಿದಳು.

ಅಂದಿನಿಂದ ನಾನೂ ಎಮ್ಮೆಯೂ ಒಂದೇ ಕೋಣೆಯವರಾದೆವು. ಅದು ಸಾಧು ಪ್ರಾಣಿ, ಹಾಲೂ ಗಟ್ಟಿ. ಆದರೆ ಒಂದು ದಿನ ಶಾಲೆಯಿಂದ ಬಂದು ನೋಡುತ್ತೇನೆ, ಗೋಡೆಗೆ ಅಂಟಿಸಿದ್ದ ಹದಿನೆಂಟು ಕೈಗಳ ಶಿವನ ಚಿತ್ರದಲ್ಲಿ ಎಡಗಡೆಯ ಒಂಬತ್ತು ಕೈ ಇಲ್ಲ. ಎಮ್ಮೆ ಕಣ್ಣು ಅರ್ಧ ಮುಚ್ಚಿಕೊಂಡು ಮೆಲುಕು ಹಾಕುತ್ತಿತ್ತು. ನಾನು ಸಿಟ್ಟಿನಿಂದ ಅದರ ಬಾಲ ಹಿಡಿದು ಜಗ್ಗಿದೆ. ನೀಲವ್ವ ಓಡಿ ಬಂದು ಬಿಡಿಸಿದಳು. ಎಮ್ಮೆಯಿಂದ ನನ್ನನ್ನೋ, ನನ್ನಿಂದ ಎಮ್ಮೆಯನ್ನೋ ಎಂಬುದು ಸ್ಪಷ್ಟವಾಗಲಿಲ್ಲ.

ಚಿತ್ರ ಹೋದರೂ ಛಲ ಹೋಗಲಿಲ್ಲ. ಶಿವನನ್ನು ಮುಂದಕ್ಕೆ ಹಾಕಿ ದ್ವಾರಪಾಲಕನಿಗೆ ಕೈ ಹಚ್ಚಿದೆ. ಯುಗಾದಿಗೆ ಎರಡು ವಾರವಿದ್ದಾಗ ಅವನಿಗೆ ಕಣ್ಣು, ಗಲ್ಲ, ಒಂದು ಕಿವಿ ಮೂಡಿದ್ದವು. ಆ ಭಾನುವಾರ ಮುಂಜಾನೆ ಮೂಗಿಗೆ ಬಂದೆ. ನೀಲವ್ವ ಎಂದಿನಂತೆ ಬಂಡೆಯ ಬುಡದಲ್ಲಿ ಪಾತ್ರೆ ತಿಕ್ಕುತ್ತ ಕೂತಿದ್ದಳು. ಪಡಸಾಲೆಯಲ್ಲಿ ಎಮ್ಮೆ ಒದರಿತು. "ಬಂದೆ ಬಂದೆ," ಎನ್ನುತ್ತ ಆಕೆ ಎದ್ದು ಒಳಗೆ ಹೋದಳು. ನಾನು ಮೂಗಿನ ಎಡಹೊಳ್ಳೆಗೆ ಚಾಣವಿಟ್ಟು ಒಂದು ಪೆಟ್ಟು ಹಾಕಿದೆ.

ಬಂಡೆಯೊಳಗೆ ಹಳೆಯ ಬಾಗಿಲು ತೆರೆದಂಥ ಸಪ್ಪಳವಾಯಿತು. ದ್ವಾರಪಾಲಕನ ಮುಖದಿಂದ ಕೆಳಗೆ, ಕದದಷ್ಟು ದಪ್ಪದ ಒಂದು ಚಪ್ಪಡಿ ಮೆಲ್ಲಗೆ ಮುಂದಕ್ಕೆ ಬಾಗಿ, ಆಮೇಲೆ ಮೆಲ್ಲಗಲ್ಲದೆ ನೆಲಕ್ಕೆ ಬಿತ್ತು. ಧೂಳು ಇಳಿದ ಮೇಲೆ ನೋಡಿದೆ. ನೀಲವ್ವ ಕೂತಿದ್ದ ಜಾಗದಲ್ಲಿ ಹಿತ್ತಾಳೆಯ ಕೊಡ ರೊಟ್ಟಿಯಾಗಿ ಬಿದ್ದಿತ್ತು.

ನಾನು ಅಲ್ಲೇ ಕೂತೆ. ಆಕೆ ಓಡಿ ಬಂದಳು. ಚಪ್ಪಡಿ ನೋಡಿದಳು, ಕೊಡ ನೋಡಿದಳು. ಬೈಯುತ್ತಾಳೆಂದು ಕಾದೆ, ಬೈದರೆ ಎಷ್ಟೋ ಹಗುರಾಗುತ್ತಿತ್ತು. ಆಕೆ ನನ್ನ ಎರಡೂ ಕೈ ಹಿಡಿದು ತಿರುಗಿಸಿ ನೋಡಿ, "ನಿಮಗೇನರ ಹತ್ತಿತೇನ್ರಿ?" ಎಂದು ಕೇಳಿದಳು.

ಸುದ್ದಿ ಕೇಳಿ ಹನಮಪ್ಪ ಬಂದ. "ಎಳಿ ಐತಿ ಅಂತ ಹೇಳಿದ್ನಲ್ಲರಿ," ಎಂದು ಒಂದೇ ಸಲ ಹೇಳಿದ. ಎರಡನೆಯ ಸಲ ಹೇಳಲಿಲ್ಲ, ಅದು ಅವನ ದೊಡ್ಡತನ. ನಾನು ಚಾಣಗಳನ್ನು ಅವನ ಕೈಗೆ ಕೊಡಲು ಹೋದೆ. ಅವನು ತೆಗೆದುಕೊಳ್ಳದೆ, "ಇರಲಿ ಬಿಡ್ರಿ," ಎಂದ. ಮುಂದೆ ಎರಡು ತಿಂಗಳು ನಾನು ಹಿತ್ತಲಿಗೆ ಹೋದದ್ದು ಸ್ನಾನಕ್ಕೆ ಮಾತ್ರ. ಮೂಡಲಗಿಯ ಮಾಸ್ತರರೂ ಗುಹೆಯ ಸುದ್ದಿ ಕೇಳುವುದನ್ನು ಬಿಟ್ಟರು. ಅವರು ಕೇಳದಿದ್ದುದು ಕೇಳಿದ್ದಕ್ಕಿಂತ ಹೆಚ್ಚು ಚುಚ್ಚಿತು.

ಬೇಸಿಗೆಯ ಸೂಟಿ ಬಂದಾಗ ಊಟಕ್ಕೆ ಬಡಿಸುತ್ತ ನೀಲವ್ವ ಇದ್ದಕ್ಕಿದ್ದಂತೆ, "ನನಗೂ ಒಮ್ಮಿ ಆ ಬಾದಾಮಿ ತೋರಸ್ರಿ," ಎಂದಳು. "ನನ್ನ ಕೊಲ್ಲಾಕ ಬಂದ ಕಲ್ಲಿನ ತವರುಮನಿ ಹೆಂಗೈತಿ ನೋಡಬೇಕು. ಹನಮಪ್ಪಗೂ ಹೇಳೇನಿ, ಬರ್ತಾನಂತ." ಎಮ್ಮೆಯನ್ನು ಮಾವನವರಿಗೆ ಒಪ್ಪಿಸಿ ಮೂವರೂ ಹೊರಟೆವು. ದಾರಿಯುದ್ದಕ್ಕೂ ನಾನು ಗುಹೆಯ ವಿವರ ಹೇಳುತ್ತ ಹೋದೆ. ಲೋಕಾಪುರ ದಾಟುವಷ್ಟರಲ್ಲಿ ಹಳೆಯ ಧೈರ್ಯವೆಲ್ಲ ವಾಪಸ್ಸು ಬಂದಿತ್ತು.

ಮೆಟ್ಟಿಲು ಹತ್ತಿದ ಮೇಲೆ ಹನಮಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ. ಶಿವನ ಕಡೆಗೆ ಕೈ ಮುಗಿದ, ಕೈ ಎಣಿಸಲಿಲ್ಲ. ನೆಟ್ಟಗೆ ಮೂಲೆಗೆ ಹೋಗಿ, ನುಣುಪು ಮಾಡದೆ ಬಿಟ್ಟಿದ್ದ ಒಂದು ತುಂಡು ಗೋಡೆಯ ಮುಂದೆ ನಿಂತ. ನಾನು ಹಿಂದಿನ ಸಲ ಅಲ್ಲಿ ಬುತ್ತಿಗಂಟು ಇಟ್ಟಿದ್ದೆ, ನೋಡುವಂಥದ್ದೇನೂ ಕಂಡಿರಲಿಲ್ಲ. ಅವನು ಅಂಗೈಯಿಂದ ಗೋಡೆ ಸವರಿ, ಹಿಂದೆ ಸರಿದು, ಮತ್ತೆ ಸವರಿದ.

"ಮಾಸ್ತರ, ಇಲ್ಲೆ ಬರ್ರಿ," ಎಂದು ಕರೆದ. "ಇಲ್ಲೀತನಕ ಚಾಣದ ಗೆರಿ ಎಲ್ಲಾ ಹಿಂಗ ಇಳದಾವು ನೋಡ್ರಿ. ಇಲ್ಲಿಂದ ಮುಂದ ಆ ಕಡೆ ತಿರುಗ್ಯಾವು. ಆಳು ಬದಲಾಗ್ಯಾನ. ಇವ ಎಡಚ." ಆಮೇಲೆ, "ನಮ್ಮಪ್ಪನೂ ಎಡಚನ ಇದ್ದ," ಎಂದ.

ಆ ಗೆರೆಗಳ ಮೇಲೆ ಅವನು ತನ್ನ ಎಡಗೈ ಇಟ್ಟು ಬಹಳ ಹೊತ್ತು ನಿಂತಿದ್ದ. ನಾನು ಏನೋ ಹೇಳಲು ಬಾಯಿ ತೆರೆದೆ. ನೀಲವ್ವ ನನ್ನ ಅಂಗಿಯ ತೋಳು ಜಗ್ಗಿ ಹೊರಗೆ ಕರೆದುಕೊಂಡು ಬಂದಳು.

ಹೊರಗೆ ಆಕೆಯ ತಪಾಸಣೆ ಶುರುವಾಯಿತು. ಕಟ್ಟೆಯ ಕೆಳಗಿನ ಸಾಲಿನಲ್ಲಿ ಕುಣಿಯುವ ಡೊಳ್ಳುಹೊಟ್ಟೆಯ ಗಣಗಳನ್ನು ನೋಡಿ ನಕ್ಕು, ಅವರಲ್ಲಿ ಒಬ್ಬ ನಮ್ಮ ವ್ಯಾಕರಣದ ಮಾಸ್ತರರೆಂದು ಗುರುತಿಸಿದಳು. ದೇವಿ ಒಂದು ಕೋಣವನ್ನು ಬಾಲ ಹಿಡಿದೆತ್ತಿ ತಿವಿಯುತ್ತಿರುವ ಶಿಲ್ಪದ ಮುಂದೆ ಮುಖ ಸಣ್ಣದು ಮಾಡಿದಳು. "ಅದು ರಾಕ್ಷಸ, ಮಹಿಷಾಸುರ," ಎಂದು ತಿಳಿಸಿದೆ. "ಕಾಗದ ತಿಂದ ದಿನ ನೀವೂ ಹಿಂಗ ಬಾಲ ಹಿಡದಿದ್ರಿ," ಎಂದಳು. ಅಲ್ಲಿಂದ ಎಡಗಡೆಯ ದ್ವಾರಪಾಲಕನ ಹತ್ತಿರ ಹೋದಳು. ಇವನನ್ನು ನಾನು ಅಂಗುಲ ಅಂಗುಲ ಬಲ್ಲೆ. ನನ್ನ ಹಿತ್ತಲ ದ್ವಾರಪಾಲಕನಿಗೆ ಇವನೇ ಮಾದರಿ. ಅವನ ತ್ರಿಶೂಲದ ಬಗ್ಗೆ ಹೇಳಲು ಆರಂಭಿಸಿದ್ದೆ.

"ಅಯ್ಯ, ಇದೇನ್ರಿ ಇಲ್ಲೆ?" ಎಂದು ಆಕೆ ಅವನ ಕಾಲ ಕೆಳಗೆ ಕೈ ತೋರಿದಳು. "ಆನಿಗೂ ಎತ್ತಿಗೂ ಕೂಡಿ ಒಂದ ತಲಿ!"

ಬಗ್ಗಿ ನೋಡಿದೆ. ಹೌದು. ಒಂದು ಕಡೆಯ ಮೈ ಮುಚ್ಚಿದರೆ ಆನೆ, ಇನ್ನೊಂದು ಕಡೆಯದು ಮುಚ್ಚಿದರೆ ಎತ್ತು. ನಡುವೆ ಒಂದೇ ತಲೆ ಎರಡಕ್ಕೂ ಸೇರಿದೆ. ನಾನು ಇದೇ ಜಾಗದಲ್ಲಿ ಕೂತು ದ್ವಾರಪಾಲಕನನ್ನು ಪಾದದಿಂದ ಕಿರೀಟದವರೆಗೆ ಬರೆದುಕೊಂಡಿದ್ದೆ. ಪಾದದ ಕೆಳಗೆ ನೋಡಿರಲೇ ಇಲ್ಲ. "ನೀವು ಇದನ್ನ ಹೇಳಲಿಲ್ಲಲ್ಲರಿ?" ಎಂದಳು. "ನೀನೇ ಕಂಡುಹಿಡಿಯಲಿ ಎಂದು ಬಿಟ್ಟಿದ್ದೆ," ಎಂದೆ. ಆಕೆ ನಂಬಿದಂತೆ ನಟಿಸಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಆಕೆ ನನಗೆ ಮಾಡಿದ ಉಪಕಾರಗಳಲ್ಲಿ ಅದೂ ಒಂದು.

ಊರಿಗೆ ಮರಳಿದ ವಾರವೇ ಹನಮಪ್ಪ ಬೆಣೆಗಳೊಡನೆ ಬಂದ. ನಾನು ಈ ಸಲ ನೋಡುವವನು ಮಾತ್ರ. ಅವನು ಎಳೆ ಹಿಡಿದು ಸಾಲಾಗಿ ಸಣ್ಣ ಕುಳಿ ಕೊರೆದು, ಬೆಣೆಗಳನ್ನು ಕೂಡಿಸಿ, ಒಂದೊಂದಕ್ಕೆ ಒಂದೊಂದೇ ಪೆಟ್ಟು ಹಾಕುತ್ತ ಹೋದ. ತೆಂಗಿನಕಾಯಿ ಒಡೆದಷ್ಟೇ ಸಪ್ಪಳ. ಬಂಡೆ ಬಿಚ್ಚಿಕೊಂಡಿತು. ಒಳಗಿನ ಕಲ್ಲು ನಸುಗೆಂಪಾಗಿ, ಯಾರೂ ಮುಟ್ಟದ ಹೊಸ ಬಟ್ಟೆಯ ಹಾಗಿತ್ತು. ಹೇಳಿದಂತೆ ಮೂರೇ ದಿನ. ಅದೇ ಕಲ್ಲಿನಿಂದ ಕೊಟ್ಟಿಗೆ ಎದ್ದು, ಮುಂಗಾರಿನ ಮಿರಗದ ಮಳೆ ಬೀಳುವ ಮೊದಲು ಎಮ್ಮೆ ಪಡಸಾಲೆ ಬಿಟ್ಟು ತನ್ನ ಮನೆಗೆ ಹೋಯಿತು. ಬಾಗಿಲ ಮೇಲಿನ ಕಲ್ಲನ್ನು ಮಾತ್ರ ಹನಮಪ್ಪ ತನ್ನ ಮನೆಗೆ ಒಯ್ದಿದ್ದ. ಹನ್ನೊಂದು ದಿನದ ಮೇಲೆ ತಂದು ಕೂಡಿಸಿದ. ಅದರ ನಡುವೆ ಗೇಣುದ್ದದ ಆನೆ, ಗೇಣುದ್ದದ ಎತ್ತು, ಎರಡಕ್ಕೂ ಒಂದೇ ತಲೆ. ನಕ್ಷೆಯಿಲ್ಲ, ಅಳತೆಯಿಲ್ಲ, ಒಂದು ಸಲ ನೋಡಿ ಬಂದದ್ದು. ನಾನು ಅದರ ಮುಂದೆ ನಿಂತು ತಪ್ಪು ಹುಡುಕಿದೆ. ಹುಡುಕುವುದು ನನ್ನ ವೃತ್ತಿ. ಸಿಗಲಿಲ್ಲ.

"ನೀವು ಕೊರದದ್ದು ಒಗಿಯೂದು ಬ್ಯಾಡ್ರಿ," ಎಂದು ಹನಮಪ್ಪ ಅದಕ್ಕೂ ಒಂದು ದಾರಿ ಮಾಡಿದ್ದ. ನಾಲ್ಕೂವರೆ ತಿಂಗಳು ನಾನು ತೋಡಿದ ಗುಹೆಯ ಆ ತುಂಡನ್ನು ಸುತ್ತಲೂ ಕಡಿದು ಬೇರೆ ಮಾಡಿ, ಬಾಯಿ ಮೇಲೆ ಮಾಡಿ, ಕೊಟ್ಟಿಗೆಯ ಬಾಜೂ ಕೂಡಿಸಿದ. ಮಾಳಿಗೆಯೆಂದು ನಾನು ಕೊರೆದದ್ದು ಈಗ ಒಂದು ಬದಿಯಾಯಿತು, ಹಿಂಗೋಡೆ ತಳವಾಯಿತು. ಗುಹೆ ಹೋಗಿ ಎಮ್ಮೆ ನೀರು ಕುಡಿಯುವ ಕಲ್ಲುಬಾನಿಯಾಯಿತು. ಎಂಟು ಕೊಡ ನೀರು ಹಿಡಿಯುತ್ತದೆ. ಒಂದು ಹನಿ ಸೋರುವುದಿಲ್ಲ. ಕೂಡಿಸಿ ಕಟ್ಟಿದ ಬಾನಿ ಎಂದಾದರೊಂದು ದಿನ ಸಂದು ಬಿಟ್ಟೀತು. ಏಕಶಿಲೆಯಲ್ಲಿ ಸಂದೇ ಇಲ್ಲ. ಈ ಮಾತನ್ನು ನಾನು ಕೊಟ್ಟಿಗೆ ನೋಡಲು ಬಂದವರಿಗೆಲ್ಲ ವಿವರಿಸುತ್ತೇನೆ. ಅವರು ಕೇಳಿಸಿಕೊಂಡು ಆನೆ-ಎತ್ತಿನ ಕಡೆ ಹೋಗುತ್ತಾರೆ.

ಆದರೆ ಮೊನ್ನೆ ಓಣಿಯ ಹೆಣ್ಣುಮಕ್ಕಳು ಬಂದಾಗ ನೀಲವ್ವ ಅವರನ್ನು ಬಾನಿಯ ಹತ್ತಿರ ನಿಲ್ಲಿಸಿಕೊಂಡು, "ಇದನ್ನ ನಮ್ಮನ್ಯಾಗಿನವರ ಕೈಯಾರೆ ಕೊರದಾರವಾ," ಎಂದು ಹೇಳುವುದು ಪಡಸಾಲೆಗೆ ಕೇಳಿಸಿತು. ಆ ದನಿಯಲ್ಲಿ ಚೇಷ್ಟೆ ಎಷ್ಟಿದೆ ಎಂದು ನಾನು ಕಿವಿಗೊಟ್ಟು ಹುಡುಕಿದೆ. ಅಲ್ಲಿಯೂ ಏನೂ ಸಿಗಲಿಲ್ಲ. ಮರುದಿನ ಮುಂಜಾನೆ ಎದುರುಮನೆಯ ಯಜಮಾನರು ಬಂದು, "ಮಾಸ್ತರ, ನಮ್ಮ ಎತ್ತಿಗೂ ಅಂಥದೊಂದು ಬಾನಿ ಆಗಬೇಕಲ್ಲರಿ. ಎಷ್ಟು ದಿನ ಹಿಡದೀತು?" ಎಂದು ಕೇಳಿದರು.

"ಹನಮಪ್ಪನಿಗಾದರೆ ನಾಲ್ಕು ದಿನ," ಎಂದೆ. "ನಾನೇ ಮಾಡಬೇಕೆಂದರೆ ಐದು ತಿಂಗಳು."

ಅವರು ಗಹಗಹಿಸಿ ನಕ್ಕರು. ನಾನು ನಗದೆ ಕಾಗದ ತೆಗೆದು ನಕ್ಷೆಗೆ ಕೂತೆ.